ಡೇರೆ ಹೂವಿನ ಆಜೀವ ಸದಸ್ಯೆ

ಆ ಭಾನುವಾರ ಮಧ್ಯಾಹ್ನ ಕುಶಾಲನಗರದ ದೊಡ್ಡಮ್ಮನ ಮನೆಯಲ್ಲಿ ಊಟದ ಮೇಜಿನ ಸುತ್ತ ನಾಲ್ಕು ಜನ ಕೂತಿದ್ದೆವು. ದೊಡ್ಡಮ್ಮ, ಅವರ ಮಗ ಮಹೇಶ, ಸೊಸೆ ಶೋಭಾ, ಮತ್ತು ಸೋಮವಾರಪೇಟೆಯಿಂದ ಬಸ್ಸು ಹತ್ತಿಸಿ ಕರೆಸಿಕೊಂಡ ತಜ್ಞನಾಗಿ ನಾನು. ತಟ್ಟೆಗಳನ್ನು ಎತ್ತಿಯಾಗಿತ್ತು. ಮೇಜಿನ ಮಧ್ಯೆ, ಫ್ಯಾನಿನ ಗಾಳಿಗೆ ಹಾರದಿರಲಿ ಎಂದು ಉಪ್ಪಿನಕಾಯಿ ಜಾಡಿಯ ಕೆಳಗೆ ಒಂದು ಅರ್ಜಿಯನ್ನು ಸಿಕ್ಕಿಸಿದ್ದರು. ಹವ್ಯಾಸಕ್ಕೆ ಹೂ ಬೆಳೆಸುವವರ ಸಂಘವೊಂದರ ಅರ್ಜಿ ಅದು. ಅದರಲ್ಲಿ ಎರಡು ಚೌಕಗಳಿದ್ದವು. ಒಂದು ವಾರ್ಷಿಕ ಸದಸ್ಯತ್ವದ್ದು, ಇನ್ನೊಂದು ಆಜೀವ ಸದಸ್ಯತ್ವದ್ದು. ಎಪ್ಪತ್ತೆರಡು ವರ್ಷದ ದೊಡ್ಡಮ್ಮ ಎರಡನೆಯ ಚೌಕಕ್ಕೇ ಗುರುತು ಹಾಕಬೇಕೆಂದು ಹಟ ಹಿಡಿದಿದ್ದರು. ಹಾಕಬಾರದೆಂದು ಹೇಳಲು ಮಹೇಶ ನನ್ನನ್ನು ಕರೆಸಿದ್ದ.

ನಾನು ಕನ್ನಡಕದ ಅಂಗಡಿ ಇಟ್ಟುಕೊಂಡಿರುವವನು. ಹೂವಿಗೂ ನನಗೂ ಸಂಬಂಧವಿಲ್ಲ. ಆದರೆ ಆಜೀವ ಸದಸ್ಯತ್ವದ ವಿಷಯದಲ್ಲಿ ನಮ್ಮ ಬಂಧು ಬಳಗದಲ್ಲಿ ನನ್ನಷ್ಟು ಅನುಭವ ಇರುವವರು ಬೇರೆ ಇಲ್ಲ. ನಾನು ಐದು ಸಂಘಗಳಿಗೆ ಆಜೀವ ಸದಸ್ಯ. ಐದರಲ್ಲಿ ಒಂದೂ ಈಗ ಇಲ್ಲ. ನಾನು ಇದ್ದೇನೆ. ರಸೀದಿಗಳೂ ಇವೆ. ನನ್ನ ಹೆಂಡತಿ ಅವನ್ನು ಮಕ್ಕಳ ಜನನ ಪ್ರಮಾಣಪತ್ರಗಳ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದಾಳೆ. ಯಾಕೆ ಎಂದು ಕೇಳುವ ಧೈರ್ಯ ನನಗೆ ಇದುವರೆಗೂ ಬಂದಿಲ್ಲ.

ಮೊದಲನೆಯದು ಅಂಚೆಚೀಟಿ ಸಂಗ್ರಹಿಸುವವರ ಸಂಘ. ಹೈಸ್ಕೂಲಿನಲ್ಲಿದ್ದಾಗ ಸೇರಿದ್ದು. ಹಳೆಯ ಲಕೋಟೆಗಳನ್ನು ಅಮ್ಮನ ದೋಸೆ ಹಿಟ್ಟಿನ ಬೋಗುಣಿಯಲ್ಲಿ ನೆನೆಹಾಕಿ, ಚೀಟಿ ಸುಲಿದು, ಕಿಟಕಿಯ ಗಾಜಿಗೆ ಅಂಟಿಸಿ ಒಣಗಿಸುತ್ತಿದ್ದೆ. ಒಂದು ದಿನ ಉತ್ಸಾಹ ಹೆಚ್ಚಾಗಿ, ಅಜ್ಜನ ಪೆಟ್ಟಿಗೆಯ ಮೇಲಿದ್ದ ಪೋಸ್ಟ್ ಕಾರ್ಡಿನ ಮೂಲೆಯನ್ನೇ ಕತ್ತರಿಸಿಕೊಂಡೆ. ಅದರ ಹಿಂಬದಿಯಲ್ಲಿ ಶನಿವಾರಸಂತೆಯ ನೆಂಟರ ಮನೆಯ ಮದುವೆಯ ದಿನ ಬರೆದಿತ್ತು. ನಮ್ಮ ಮನೆಯವರೆಲ್ಲ ಹೊಸ ಬಟ್ಟೆ ತೊಟ್ಟು ಆ ಮದುವೆಗೆ ಹೋದಾಗ ಚಪ್ಪರ ಬಿಚ್ಚುತ್ತಿದ್ದರಂತೆ. ಅಜ್ಜ ನನಗೆ ಹೊಡೆಯಲಿಲ್ಲ. ಅಂದಿನಿಂದ ಕಾಗದ ಬಂದರೆ ಓದಿ, ಮಡಚಿ, ಟೋಪಿಯೊಳಗೆ ಇಟ್ಟುಕೊಳ್ಳತೊಡಗಿದರು, ಅಷ್ಟೆ. ಮುಂದೆ ಆ ಸಂಘದ ಅಧ್ಯಕ್ಷರಿಗೆ ಗದಗಕ್ಕೆ ವರ್ಗವಾಯಿತು. ಸಂಘದ ಆಲ್ಬಮ್ಮುಗಳಿಗೂ ವರ್ಗವಾಯಿತು.

ಚದುರಂಗದ ಸಂಘದಲ್ಲಿ ಕಪ್ಪು ಮಂತ್ರಿ ಕಳೆದುಹೋಗಿ, ಅವನ ಜಾಗದಲ್ಲಿ ತಲೆನೋವಿನ ಮುಲಾಮಿನ ಡಬ್ಬಿ ಇಟ್ಟು ಎರಡು ವರ್ಷ ಆಡಿದೆವು. ಆಮೇಲೆ ಬಿಳಿ ರಾಜನೂ ಕಾಣೆಯಾದ. ಆಗ ಸಂಘ ನಿಂತಿತು. ಗಾಳ ಹಾಕುವವರ ಸಂಘಕ್ಕೆ, ಮೀನು ಮುಟ್ಟದ ಮನೆಯ ನಾನು, ಅವರು ಕೊಡುತ್ತಿದ್ದ ಹಸಿರು ಟೋಪಿಯ ಆಸೆಗೆ ಸೇರಿದ್ದೆ. ಫೋಟೋ ಸಂಘದ ಕಥೆ ಬೇಡ. ಕೊನೆಯದು, ಬೆಳಗಿನ ಹೊತ್ತು ಕಾಡಂಚಿನಲ್ಲಿ ನಡೆಯುವವರ ಕೂಟ. ಮೂರನೆಯ ಭಾನುವಾರದ ಹೊತ್ತಿಗೆ ಆನೆಗಳೂ ಅದೇ ದಾರಿಯಲ್ಲಿ ನಡೆಯತೊಡಗಿದವು. ಅವು ಸದಸ್ಯತ್ವ ಪಡೆದಿರಲಿಲ್ಲ. ಆದರೂ ಕೂಟದವರು ಸರ್ವಾನುಮತದಿಂದ ದಾರಿಯನ್ನು ಅವಕ್ಕೇ ಬಿಟ್ಟುಕೊಟ್ಟರು.

ಇದನ್ನೆಲ್ಲ ನಾನು ಆ ಮೇಜಿನ ಮುಂದೆ ಕೂತು ವಿವರವಾಗಿ ಹೇಳಿದೆ. ಆಜೀವ ಎಂದರೆ ಯಾರ ಜೀವ ಎಂಬುದನ್ನು ದುಡ್ಡು ಕಟ್ಟುವ ಮೊದಲು ಯೋಚಿಸಬೇಕು, ನಮ್ಮದಕ್ಕಿಂತ ಸಂಘದ್ದು ಸಾಮಾನ್ಯವಾಗಿ ಮೊದಲು ಹೋಗುತ್ತದೆ ಎಂದು ನನ್ನ ಅಭಿಪ್ರಾಯ ಕೊಟ್ಟೆ. ಮಹೇಶ ಹಾಲೋಬ್ಲಾಕ್ ಇಟ್ಟಿಗೆ ಮಾಡಿಸುವವನು, ಎಲ್ಲವನ್ನೂ ಒಂದಕ್ಕೆ ಎಷ್ಟು ಬೀಳುತ್ತದೆ ಎಂದು ನೋಡುವವನು. ಮೊಬೈಲು ತೆಗೆದು ಭಾಗಿಸಿದ. ವರ್ಷದ ಚಂದಾಕ್ಕೆ ಹೋಲಿಸಿದರೆ ಹದಿನೈದು ವರ್ಷ ಸದಸ್ಯರಾಗಿದ್ದರೆ ಮಾತ್ರ ಗಿಟ್ಟುತ್ತದೆ ಎಂದ. ಎಪ್ಪತ್ತೆರಡಕ್ಕೆ ಹದಿನೈದು ಕೂಡಿದರೆ ಎಷ್ಟಾಗುತ್ತದೆ ಎಂಬುದನ್ನು ಅವನು ಬಾಯಿ ಬಿಟ್ಟು ಹೇಳಲಿಲ್ಲ. ನಾವು ಮೂವರೂ ಉಪ್ಪಿನಕಾಯಿ ಜಾಡಿಯನ್ನು ನೋಡಿದೆವು.

ದೊಡ್ಡಮ್ಮ ಕೂಡಿಸಿ ಆಗಿತ್ತು.

"ಒಂದ್ ವರ್ಷ ಇದ್ರೆ ಸಾಕು ಕಣೋ," ಅಂದರು. "ಒಂದೇ ಒಂದ್ ಸಲ ನನ್ ಹೂವ ನನ್ ಹೆಸರಲ್ಲಿ ಇಟ್ಟು ಬತ್ತೀನಿ. ಮಿಕ್ಕಿದ್ ಹದಿನಾಲ್ಕು ವರ್ಷ ಸಂಘದೋರೇ ಮಡಿಕ್ಕಳ್ಳಿ."

ಸಂಘದ ನಿಯಮ ಹಾಗಿತ್ತು. ವಾರ್ಷಿಕ ಸದಸ್ಯರು ಪ್ರದರ್ಶನ ನೋಡಬಹುದು, ಚಹಾ ಕುಡಿಯಬಹುದು. ಸ್ಪರ್ಧೆಗೆ ಹೂ ಇಡಬೇಕಾದರೆ ಆಜೀವ ಸದಸ್ಯರೇ ಆಗಬೇಕು. ಹಿಂದೊಮ್ಮೆ ಯಾರೋ ಮೈಸೂರಿನ ಮಾರ್ಕೆಟ್ಟಿನಿಂದ ಹೂ ತಂದಿಟ್ಟು ಬಹುಮಾನ ಹೊಡೆದ ಮೇಲೆ ಮಾಡಿದ ನಿಯಮವಂತೆ. ದುಡ್ಡು ಹೆಚ್ಚು ಕೊಟ್ಟವರು ಮೋಸ ಮಾಡುವುದಿಲ್ಲ ಎಂಬುದು ಸಂಘದ ನಂಬಿಕೆ.

ಈ ಹೆಸರಿನ ಆಸೆ ಎಲ್ಲಿಂದ ಬಂತು ಎಂದು ನಿಮಗೆ ಹೇಳಬೇಕಾದರೆ ಪಾಲಿಬೆಟ್ಟಕ್ಕೆ ಹೋಗಬೇಕು. ನಮ್ಮ ದೊಡ್ಡಪ್ಪ ಅಲ್ಲಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಎಸ್ಟೇಟಿನಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆದು, ಮೂಟೆಗಳನ್ನು ಎಣಿಸುವವರು. ಅವರಿಗೆ ಕೊಟ್ಟಿದ್ದ ಸಣ್ಣ ಹೆಂಚಿನ ಮನೆಯ ಸುತ್ತ ದೊಡ್ಡಮ್ಮ ಡೇರೆ ಹೂ ಬೆಳೆಸುತ್ತಿದ್ದರು. ಪಟ್ಟಣದವರು ಡೇಲಿಯಾ ಎನ್ನುವ ಹೂವಿಗೆ ನಮ್ಮ ಕಡೆ ಡೇರೆ ಎನ್ನುತ್ತಾರೆ. ಬೇಸಗೆ ರಜೆ, ದಸರಾ ರಜೆ ಎಂದರೆ ನಾನು ಅಲ್ಲಿಯೇ. ಬೆಳಗ್ಗೆ ಆಳುಗಳನ್ನು ಹಾಜರಿಗೆ ಕರೆಯುವ ಮಸ್ಟರಿನ ಗಂಟೆ ಹೊಡೆಯುವ ಹೊತ್ತಿಗೆ ದೊಡ್ಡಮ್ಮ ಗಿಡಗಳ ನಡುವೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದರು. ಲೈನಿನಲ್ಲಿ ಕೆಲಸದವರ ಮನೆಗಳಿದ್ದವಲ್ಲ, ಅಲ್ಲಿಂದ ಮೀನು ತೊಳೆದ ನೀರನ್ನು ಒಬ್ಬ ಹೆಂಗಸು ಡಬ್ಬದಲ್ಲಿ ತಂದುಕೊಡುತ್ತಿದ್ದಳು. ದೊಡ್ಡಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, ಮುಖ ಅತ್ತ ತಿರುಗಿಸಿ, ಗುರಿ ತಪ್ಪದಂತೆ ಗಿಡದ ಬುಡಕ್ಕೆ ಸುರಿಯುತ್ತಿದ್ದರು. ನಾವು ಮೀನು ತಿನ್ನದವರಲ್ಲವಾ ಎಂದು ಕೇಳಿದ್ದಕ್ಕೆ, "ಗಿಡಕ್ಕೆ ಲಿಂಗ ಕಟ್ಟಿಲ್ವಲ್ಲ ಮಗ, ಅದು ಕುಡ್ಕಳ್ಳಿ ಬಿಡು," ಅಂದಿದ್ದರು.

ಡೇರೆ ದೊಡ್ಡದಾಗಬೇಕಾದರೆ ಒಂದು ಕೊಂಬೆಗೆ ಒಂದೇ ಮೊಗ್ಗು ಬಿಟ್ಟು ಪಕ್ಕದವನ್ನೆಲ್ಲ ಚಿವುಟಬೇಕು. ಒಂದು ದಸರಾದಲ್ಲಿ ಆ ಕೆಲಸವನ್ನು ನಾನೇ ಕೇಳಿ ಪಡೆದೆ. ಬಿಡಬೇಕಾದ್ದನ್ನು ಚಿವುಟಿ, ಚಿವುಟಬೇಕಾದ್ದನ್ನು ಬಿಟ್ಟೆ. ಆ ವರ್ಷ ದೊಡ್ಡಮ್ಮನ ಗಿಡದಲ್ಲಿ ಗುಂಡಿಯ ಗಾತ್ರದ ಹೂಗಳು ಬಿಟ್ಟವು. ಈಗಲೂ ಅಂಗಡಿಗೆ ಬಂದವರು, ಎಡಗಣ್ಣಿನದ್ದನ್ನು ಬಲಗಣ್ಣಿಗೆ ಕೂರಿಸಿಲ್ಲ ತಾನೇ ಎಂದು ತಮಾಷೆ ಮಾಡಿದರೆ ನನಗೆ ಆ ಗಿಡ ನೆನಪಾಗಿ ಒಮ್ಮೆ ನೋಡಿಕೊಳ್ಳುತ್ತೇನೆ.

ದೀಪಾವಳಿ ಮುಗಿದು, ಕಾಫಿ ಕೀಳುವ ಪಿಕ್ಕಿಂಗ್ ಶುರುವಾಗುವ ಮೊದಲು ಪಾಲಿಬೆಟ್ಟದಲ್ಲೇ ಈ ಸಂಘದ ಹೂವಿನ ಪ್ರದರ್ಶನ ನಡೆಯುತ್ತಿತ್ತು. ಆ ದಿನಕ್ಕೆ ನಾನು ಶಾಲೆ ತಪ್ಪಿಸಿಯಾದರೂ ಅಲ್ಲಿರುತ್ತಿದ್ದೆ. ಬೆಳಗ್ಗೆ ಯಜಮಾನರ ಬಂಗಲೆಯಿಂದ ಜೀಪು ಬರುತ್ತಿತ್ತು. ದೊಡ್ಡಮ್ಮ ಅತ್ಯುತ್ತಮವಾದ ಒಂದು ಹೂವನ್ನು ಉದ್ದ ತೊಟ್ಟಿನ ಸಮೇತ ಕೊಯ್ದು, ನೀರಿದ್ದ ಗಾಜಿನ ಬಾಟಲಿಯಲ್ಲಿ ನಿಲ್ಲಿಸಿ, ಒಂದು ಚೀಟಿಯಲ್ಲಿ ದುಂಡಗೆ 'ಶ್ರೀಮತಿ ದೇಚಮ್ಮ' ಎಂದು ಬರೆದು ಕಟ್ಟುತ್ತಿದ್ದರು. ದೇಚಮ್ಮ ಎಂದರೆ ಎಸ್ಟೇಟಿನ ಯಜಮಾನರ ಹೆಂಡತಿ. ಸಂಜೆ ಜೀಪು ಹಿಂತಿರುಗಿ ಖಾಲಿ ಬಾಟಲಿಯನ್ನೂ ಒಂದು ದೊಡ್ಡ ತುಂಡು ಪ್ಲಮ್ ಕೇಕನ್ನೂ ಕೊಟ್ಟುಹೋಗುತ್ತಿತ್ತು. ಕೇಕ್ ಬಂತೆಂದರೆ ಬಹುಮಾನ ಬಂದಿದೆ ಎಂದು ಅರ್ಥ. ನಾನು ಮೊಗ್ಗು ಚಿವುಟಿದ ವರ್ಷವೊಂದನ್ನು ಬಿಟ್ಟರೆ ಅದು ಪ್ರತಿ ವರ್ಷವೂ ಬರುತ್ತಿತ್ತು. ಮೊಟ್ಟೆ ಹಾಕಿದ ಕೇಕಾದ್ದರಿಂದ ದೊಡ್ಡಮ್ಮ ಮುಟ್ಟುತ್ತಿರಲಿಲ್ಲ. ನಾನು ತಿನ್ನುತ್ತಿದ್ದೆ.

ಇದರಲ್ಲಿ ಯಾರೂ ಯಾರಿಗೂ ಅನ್ಯಾಯ ಮಾಡುತ್ತಿದ್ದೇವೆಂದು ಅಂದುಕೊಂಡಿರಲಿಲ್ಲ. ಎಸ್ಟೇಟಿನಲ್ಲಿ ಕಾಫಿ ಯಾರು ಕಿತ್ತರೂ ಯಜಮಾನರ ಹೆಸರಿನಲ್ಲೇ ಮಾರಾಟವಾಗುತ್ತದೆ, ಹೂವೂ ಹಾಗೆಯೇ. ದೇಚಮ್ಮನವರು ಒಳ್ಳೆಯವರು. ದೊಡ್ಡಮ್ಮನ ಹೆರಿಗೆಗೆ ತಮ್ಮ ಕಾರನ್ನೇ ಕಳಿಸಿದ್ದವರು. ಇಪ್ಪತ್ತಾರು ವರ್ಷ ಹೀಗೆ ನಡೆಯಿತು. ದೊಡ್ಡಪ್ಪ ನಿವೃತ್ತರಾಗಿ ಕುಶಾಲನಗರಕ್ಕೆ ಬಂದರು, ಇಲ್ಲಿಯೇ ತೀರಿಕೊಂಡರು. ದೊಡ್ಡಮ್ಮ ಮಗನ ಮನೆಯ ತಾರಸಿಯ ಮೇಲೆ ಪೇಂಟಿನ ಬಕೆಟ್ಟುಗಳಲ್ಲಿ ಡೇರೆ ಬೆಳೆಸಿಕೊಂಡು ಇದ್ದರು. ಎರಡು ವರ್ಷದ ಹಿಂದೆ ದೇಚಮ್ಮನವರೂ ಹೋದರು. ಅದಾದ ಮೇಲೆಯೇ ದೊಡ್ಡಮ್ಮ ಈ ಅರ್ಜಿ ತರಿಸಿದ್ದು. ಅವರು ಇರುವಾಗ ಕೇಳಿದ್ದರೆ ಚೆನ್ನಾಗಿರುತ್ತಿರಲಿಲ್ಲ ಎಂದಷ್ಟೇ ಶೋಭಾಳ ಹತ್ತಿರ ಹೇಳಿದ್ದರಂತೆ.

ಒಂದು ವರ್ಷ ಸಾಕು ಎಂದವರ ಎದುರು ತಜ್ಞರಿಗೆ ಏನೂ ಕೆಲಸವಿರುವುದಿಲ್ಲ. ಮಹೇಶ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ನಾನೇ ಪೆನ್ನು ತೆಗೆದು ಅರ್ಜಿ ತುಂಬಲು ಕೂತೆ. ಮೊದಲ ಸಾಲೇ ಹೆಸರು. ಅಲ್ಲಿ ನನ್ನ ಕೈ ನಿಂತಿತು. ಮನೆಯವರಿಗೆ ಅವರು ಅಮ್ಮ, ಅತ್ತೆ, ದೊಡ್ಡಮ್ಮ. ಎಸ್ಟೇಟಿನವರಿಗೆ ರೈಟ್ರಮ್ಮ. ಐವತ್ತು ವರ್ಷ ಅವರ ಕೈಯ ಅನ್ನ ತಿಂದವನು ನಾನು, ಅವರ ಹೆಸರೇನು ಎಂದು ಕೇಳಬೇಕಾಯಿತು. ದೊಡ್ಡಮ್ಮ ಮತ್ತೊಬ್ಬರದ್ದನ್ನು ಹೇಳುವಂತೆ, "ಸರ್ವಮಂಗಳ," ಅಂದರು.

ಸಂಘದ ಕಾರ್ಯದರ್ಶಿ ಪೂವಯ್ಯ ಎಂಬವರು. ಅರ್ಜಿ ತೆಗೆದುಕೊಳ್ಳುವಾಗ ವಯಸ್ಸಿನ ಕಾಲಂ ನೋಡಿ ಒಮ್ಮೆ ಕೆಮ್ಮಿದರು. ಈ ವಯಸ್ಸಿನವರಿಗೆ ಆಜೀವ ಕೊಟ್ಟರೆ ಸಂಘಕ್ಕೆ ಲಾಭವೋ ನಷ್ಟವೋ ಎಂದು ಅವರ ಮನಸ್ಸಿನಲ್ಲಿ ಓಡುತ್ತಿರಬೇಕು ಎಂದುಕೊಂಡೆ. "ಎಂತ ಉಂಟು ಮಾರಾಯ್ರೆ," ಅಂದರು, "ನಮ್ಮ ಸದಸ್ಯರಲ್ಲಿ ಅಮ್ಮನೇ ಚಿಕ್ಕವರು."

ಆ ಮಳೆಗಾಲ ಮಹೇಶನ ತಾರಸಿಯಲ್ಲಿ ಹನ್ನೊಂದು ಬಕೆಟ್ಟುಗಳಿದ್ದವು. ದುಡ್ಡು ದಂಡ ಎಂದವನೇ ಅಕ್ಟೋಬರಿನ ಗಾಳಿಮಳೆಗೆ ಇಟ್ಟಿಗೆಯ ಮೇಲಿದ್ದ ಟಾರ್ಪಾಲು ಬಿಚ್ಚಿ ತಂದು ಡೇರೆಗೆ ಕಟ್ಟಿದ. ಇಟ್ಟಿಗೆ ನೆನೆದರೆ ಗಟ್ಟಿಯಾಗುತ್ತದೆ ಎಂದು ಶೋಭಾಳಿಗೆ ಸಮಜಾಯಿಷಿ ಕೊಟ್ಟ. ಮೀನು ತೊಳೆದ ನೀರು ಪಕ್ಕದ ಬೀದಿಯ ಮನೆಯಿಂದ ಬರುತ್ತಿತ್ತು. ಅದನ್ನು ತರುವ ಕೆಲಸ ಎಂಬಿಎ ಓದುತ್ತಿದ್ದ ಮೊಮ್ಮಗಳದ್ದು. ಕೊನೆಗೆ ಒಂದು ಗಿಡದಲ್ಲಿ, ಕಡು ಕೆಂಪಿನ, ತುದಿಯಲ್ಲಿ ಮಾತ್ರ ಬಿಳಿಯ, ಊಟದ ತಟ್ಟೆಯಷ್ಟು ಅಗಲದ ಒಂದು ಹೂ ನಿಂತಿತು. ನನಗೆ ಅದರ ಹತ್ತಿರ ಹೋಗಲು ಅನುಮತಿ ಇರಲಿಲ್ಲ.

ಪ್ರದರ್ಶನದ ದಿನ ಬೆಳಗ್ಗೆ ಮಹೇಶನ ಕಾರಿನಲ್ಲಿ ದೊಡ್ಡಮ್ಮ ಬಾಟಲಿಯನ್ನು ಮಡಿಲಲ್ಲಿ ಹಿಡಿದು ಕೂತಿದ್ದರು. ಪ್ರತಿ ಹಂಪಿನಲ್ಲೂ ಮಹೇಶನ ಕಡೆ ನೋಡುತ್ತಿದ್ದರು. ಪಾಲಿಬೆಟ್ಟದ ಸಭಾಭವನದಲ್ಲಿ ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜುಗಳು. ಬಾಗಿಲಲ್ಲಿ ಒಬ್ಬಳು ಹುಡುಗಿ ಸದಸ್ಯತ್ವದ ಕಾರ್ಡು ನೋಡಿ, ಒಂದು ಖಾಲಿ ಚೀಟಿ ಕೊಟ್ಟು, ಹೆಸರು ಬರೆದು ಬಾಟಲಿಗೆ ಕಟ್ಟಿ ಎಂದಳು. ದೊಡ್ಡಮ್ಮ ಮೇಜಿಗೆ ಬಗ್ಗಿ, ದುಂಡಗೆ ಬರೆದು, ಎರಡು ಗಂಟು ಹಾಕಿ ಕಟ್ಟಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ದೂರದ್ದೂ ಹತ್ತಿರದ್ದೂ ಎರಡೂ ಕಾಣುವ ಕನ್ನಡಕ ನನ್ನ ಮೂಗಿನ ಮೇಲೆಯೇ ಇತ್ತು. ನಾನು ಚೀಟಿಯನ್ನು ಓದಲಿಲ್ಲ.

ತೀರ್ಪುಗಾರರು ಸುತ್ತಿ ನೋಡಿದರು. ಊಟ ಆಯಿತು. ಮೂರು ಗಂಟೆಗೆ ಎಲ್ಲರೂ ಕುರ್ಚಿಯಲ್ಲಿ ಕೂತೆವು. ಸಂಘದ ಅಧ್ಯಕ್ಷರು ದನದ ಡಾಕ್ಟರಾಗಿದ್ದು ನಿವೃತ್ತರಾದವರು. ಮೈಕಿನ ಮುಂದೆ ನಿಂತು ಗುಲಾಬಿ, ಆಂಥೂರಿಯಂ ಎಲ್ಲ ಮುಗಿಸಿ ಡೇರೆಗೆ ಬಂದರು. "ಪ್ರಥಮ ಬಹುಮಾನ, ಶ್ರೀಮತಿ ದೇಚಮ್ಮ," ಎಂದು ಓದಿದರು.

ಸಭೆ ಚಪ್ಪಾಳೆ ತಟ್ಟಿತು. ಡೇರೆ ಎಂದರೆ ದೇಚಮ್ಮ ಎಂದು ಅಲ್ಲಿದ್ದವರ ಕೈಗಳಿಗೆ ಎಷ್ಟೋ ವರ್ಷಗಳಿಂದ ಅಭ್ಯಾಸ. ಆಮೇಲೆ ಒಬ್ಬೊಬ್ಬರಿಗೆ ತಾವು ಅವರ ತಿಥಿಯ ಊಟ ಉಂಡು ಬಂದದ್ದು ನೆನಪಾಗುತ್ತ, ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಚಪ್ಪಾಳೆ ಕ್ರಮವಾಗಿ ನಿಂತಿತು. ಕೊನೆಯವರೆಗೂ ತಟ್ಟುತ್ತಿದ್ದವರು ನನ್ನ ಪಕ್ಕದಲ್ಲಿದ್ದ ದೊಡ್ಡಮ್ಮ. ಅವರ ಎರಡೂ ಕೈ ಗಾಳಿಯಲ್ಲಿ ಹಾಗೆಯೇ ನಿಂತವು.

ವೇದಿಕೆಯ ಮೇಲೆ ಸಮಿತಿಯವರು ಗುಂಪುಗೂಡಿದರು. ಮೈಕ್ ಆರಿಸುವುದನ್ನು ಮರೆತಿದ್ದರಿಂದ ಚರ್ಚೆ ನಮಗೆಲ್ಲ ಕೇಳುತ್ತಿತ್ತು. ಆಜೀವ ಸದಸ್ಯರು ತೀರಿಕೊಂಡ ಮೇಲೆ ಸದಸ್ಯತ್ವ ಹೋಗುತ್ತದೆ ಎಂದು ಬೈಲಾದಲ್ಲಿ ಎಲ್ಲಿಯೂ ಬರೆದಿಲ್ಲವೆಂದು ಖಜಾಂಚಿ ಹೇಳಿದರು. ಬರೆಯುವ ಅಗತ್ಯ ಬರುತ್ತದೆಂದು ಯಾರಿಗೂ ಹೊಳೆದಿರಲಿಲ್ಲವೆಂದು ಪೂವಯ್ಯ ಹೇಳಿದರು. ಕೊನೆಗೆ ಮುಂದಿನ ಸಾಲಿನಲ್ಲಿದ್ದ ದೇಚಮ್ಮನವರ ಸೊಸೆಯನ್ನು ಕೇಳಿದರು. ತಾವು ಈ ವರ್ಷ ಹೂವೇ ತಂದಿಲ್ಲ, ಗೆಡ್ಡೆಯೆಲ್ಲ ಕೊಳೆತುಹೋಗಿದೆ ಎಂದು ಆಕೆ ಹೇಳಿದರು.

ದೊಡ್ಡಮ್ಮ ಎದ್ದು ನಿಂತರು. ಕೈ ಹಿಡಿಯಲು ಹೋದ ಮಹೇಶನನ್ನು ಕೂರಿಸಿದರು.

"ಆ ಹೂವು ನಂದು ಸ್ವಾಮಿ. ಚೀಟಿ ಬರಿಯಾಗ ಕೈ ಅಭ್ಯಾಸದಲ್ಲಿ ಹೋಯ್ತು."

ಅಧ್ಯಕ್ಷರು ಮೆತ್ತಗಿನ ಮನುಷ್ಯ. ವಯಸ್ಸಾದ ಹೆಂಗಸಿಗೆ ಬೇಜಾರಾಗದಂತೆ ಮಾತಾಡಬೇಕೆಂದು ಅವರಿಗಿತ್ತು. "ಇಲ್ಲಮ್ಮ," ಅಂದರು, "ದೇಚಮ್ಮ ಅವರ ಡೇರೆ ಹೇಗಿರ್ತದೆ ಅಂತ ನಮಗೆಲ್ಲ ಗೊತ್ತುಂಟು. ಥೇಟ್ ಇದೇ ಹೂವು. ಎಷ್ಟು ವರ್ಷ ನೋಡಿದ್ದೇವೆ."

"ಅವೂ ನಂದೇ," ಅಂದರು ದೊಡ್ಡಮ್ಮ.

ಗಟ್ಟಿಯಾಗಿ ಹೇಳಲಿಲ್ಲ. ಗೆದ್ದವರ ದನಿಯೂ ಅಲ್ಲ. ಸಂತೆಯಲ್ಲಿ ಯಾರಾದರೂ ನಿಮ್ಮ ಚೀಲ ಯಾವುದು ಎಂದು ಕೇಳಿದರೆ ತೋರಿಸುತ್ತಾರಲ್ಲ, ಹಾಗೆ. ಇನ್ನು ದೇಚಮ್ಮನವರ ಮನೆಯವರು ಏನು ಹೇಳುತ್ತಾರೋ ಎಂದು ನಾನು ಮುಂದಿನ ಸಾಲನ್ನೇ ನೋಡುತ್ತಿದ್ದೆ. ಸೊಸೆ ಹಿಂದಕ್ಕೆ ತಿರುಗಿ ದೊಡ್ಡಮ್ಮನನ್ನು ನೋಡಿದರು. ಆಮೇಲೆ ವೇದಿಕೆಯ ಕಡೆ ತಿರುಗಿ, "ಹೌದು ಅಂಕಲ್," ಅಂದರು. "ಕಡೆಕಡೆಗೆ ರೈಟ್ರಮ್ಮನ ಮನೆಗೆ ಜೀಪು ಕಳಿಸ್ತಾ ಇದ್ದದ್ದು ನಾನೇ."

ನಿಜ ಎಲ್ಲರಿಗೂ ಗೊತ್ತಾಯಿತು. ಬಹುಮಾನ ಮಾತ್ರ ಬರಲಿಲ್ಲ. ಚೀಟಿಯ ಮೇಲಿನ ಹೆಸರೂ ಸದಸ್ಯರ ಹೆಸರೂ ಒಂದೇ ಇರಬೇಕು ಎಂಬುದು ಬೈಲಾದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಎರಡನೆಯದಾಗಿ ಬಂದ ಹಳದಿ ಹೂವನ್ನು ಮೊದಲನೆಯದು ಮಾಡಿದರು. ಅಧ್ಯಕ್ಷರು ಕೆಳಗಿಳಿದು ಬಂದು ದೊಡ್ಡಮ್ಮನಿಗೆ ಕೈ ಮುಗಿದು, ಬೇಜಾರು ಮಾಡಿಕೊಳ್ಳಬೇಡಿ ಎಂದರು. ದೊಡ್ಡಮ್ಮ ರೂಲ್ಸ್ ಸರಿಯಾಗಿಯೇ ಇದೆ ಎಂದರು. ಇಪ್ಪತ್ತಾರು ವರ್ಷ ರೈಟರ ಹೆಂಡತಿಯಾಗಿದ್ದವರು, ಹಾಜರಿಯಲ್ಲಿ ಹೆಸರಿಲ್ಲದಿದ್ದರೆ ಕೂಲಿ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು.

ವಾಪಸು ಬರುವಾಗ ಕಾರಿನಲ್ಲಿ ಮಹೇಶ ಎಲ್ಲರ ಮೇಲೂ ಸಿಟ್ಟಾಗಿದ್ದ. ಸಮಿತಿಯ ಮೇಲೆ, ಬಾಗಿಲ ಹುಡುಗಿಯ ಮೇಲೆ, ಚೀಟಿ ಓದದ ನನ್ನ ಮೇಲೆ. ನನ್ನ ಮೇಲಿನದ್ದು ನ್ಯಾಯವಾಗಿತ್ತು. ಒಂದು ವರ್ಷ ಸಾಕು ಎಂದಿದ್ದರು, ಆ ಒಂದು ವರ್ಷ ಹೀಗೆ ಹೋಯಿತಲ್ಲ ಎಂದು ನನಗೂ ಅನಿಸುತ್ತಿತ್ತು. ಸಿದ್ದಾಪುರ ದಾಟಿದ ಮೇಲೆ ದೊಡ್ಡಮ್ಮ ನನ್ನ ಕಡೆ ತಿರುಗಿದರು.

"ಬರೋ ವರ್ಷಕ್ಕೂ ಮತ್ತೆ ದುಡ್ಡು ಕಟ್ಟಬೇಕೇನೋ?"

ಇಲ್ಲ ದೊಡ್ಡಮ್ಮ, ಆಜೀವ ಎಂದರೆ ಅದೇ, ಇನ್ನು ಯಾವತ್ತೂ ಕಟ್ಟುವುದಿಲ್ಲ ಎಂದೆ.

"ಹಂಗಾದ್ರೆ ಒಳ್ಳೇದೇ ಆಯ್ತು," ಅಂದರು. "ನೀನು ಬ್ಯಾಡ ಅಂದಿದ್ದೆ."

ಹೌದು, ಅಂದಿದ್ದೆ. ಈಗ ಯಾರಾದರೂ ನನ್ನ ಅಭಿಪ್ರಾಯ ಕೇಳಿದರೆ ಮೊದಲಿನಷ್ಟು ಧೈರ್ಯವಾಗಿ ಹೇಳಲಾರೆ. ಭಾಗಿಸಿ ಹದಿನೈದು ವರ್ಷ ಎಂದು ಲೆಕ್ಕ ಹಾಕಿದ್ದೆವು, ಒಂದು ಸಲ ಕೈ ತಪ್ಪಿದರೆ ಇನ್ನೊಂದು ಸಲ ಹೋಗಿ ನಿಲ್ಲಬಹುದು ಎಂಬುದನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಚದುರಂಗದ ಸಂಘ ಈಗ ಇದ್ದಿದ್ದರೆ ನಾನೂ ಹೋಗುತ್ತಿದ್ದೆನೋ ಏನೋ.

ಮರುವರ್ಷ ನಾನು ಒಂದು ದಿನ ಮೊದಲೇ ಕುಶಾಲನಗರಕ್ಕೆ ಹೋದೆ. ಈ ಸಲ ಚೀಟಿಯನ್ನು ನಾನು ಓದಿದೆ, ಮಹೇಶ ಓದಿದ, ಶೋಭಾ ಓದಿ ಮೊಬೈಲಿನಲ್ಲಿ ಫೋಟೋ ತೆಗೆದಳು. ಮಧ್ಯಾಹ್ನ ಅಧ್ಯಕ್ಷರು ಮೈಕಿನ ಮುಂದೆ ಬಂದರು. ಡೇರೆಗೆ ಮೊದಲ ಬಹುಮಾನ ಬೇರೆ ಯಾರಿಗೋ ಹೋಯಿತು. ಎರಡನೆಯದು, ಶ್ರೀಮತಿ ಸರ್ವಮಂಗಳ, ಎಂದು ಓದಿದರು. ದೊಡ್ಡಮ್ಮ ಏಳಲಿಲ್ಲ. ಕೇಳಿಸಲಿಲ್ಲವೇನೋ ಎಂದು ನಾನು ಬಗ್ಗಿ, ನಿಮ್ಮದೇ ಹೆಸರು ಎಂದೆ. ಗೊತ್ತು ಸುಮ್ನಿರು ಎಂಬಂತೆ ಕೈ ಅಡ್ಡ ಹಿಡಿದರು. ಅಧ್ಯಕ್ಷರು ಸಭೆಯನ್ನೆಲ್ಲ ಒಮ್ಮೆ ನೋಡಿ, ಇನ್ನೊಂದು ಸಲ ಆ ಹೆಸರನ್ನು ಕರೆದರು. ಆಗ ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಎದ್ದರು.